ಮಾಗಿಯ ಚಳಿಯಲ್ಲಿ ಮೋಟಾರು ಸೈಕಲ್ಲನ್ನು ಚಾಲೂ ಮಾಡುವ ಕ್ರಮ

ಹಿಂದೆ ತಲೆಹೊರೆಯಿಂದಲೂ ಎತ್ತಿನ ಗಾಡಿಯಿಂದಲೂ ನಡೆಯುತ್ತಿದ್ದ ಅನೇಕ ಕೆಲಸಗಳು ಈಗ ಮೋಟಾರು ಸೈಕಲ್ಲಿನಿಂದ ನಡೆಯುತ್ತಿರುವುದು ಗ್ರಾಮಗಳಲ್ಲೆಲ್ಲಾ ಕಂಡುಬರುವ ಸಂಗತಿಯಾಗಿದೆ. ಹಾಲಿನ ಕ್ಯಾನು, ಹೂವಿನ ಮೂಟೆ, ರೇಷ್ಮೆಗೂಡು, ತರಕಾರಿ ಮುಂತಾದುವು ಬೆಳಗಿನ ಜಾವದಲ್ಲಿಯೇ ಇದರ ಮೇಲೆ ಹೊರಡುತ್ತವೆ. ಸಂಘದವರು ಗೊತ್ತಾದ ವೇಳೆಯೊಳಗೆ ಮಾತ್ರ ಹಾಲನ್ನು ಅಳೆದುಕೊಳ್ಳುತ್ತಾರೆ. ಹರಾಜಿನ ಹೊತ್ತು ಮೀರಿ ಬಂದ ಹೂವಿಗೆ ತಕ್ಕ ಬೆಲೆ ಸಿಕ್ಕುವುದಿಲ್ಲ. ಹೀಗಿರುವಲ್ಲಿ, ಧನುರ್ಮಾಸದ ಮುಂಜಾನೆ ವಾಹನವು ಅರ್ಧ ಗಂಟೆ ಹಟಹಿಡಿದು ನಿಂತರೆ ರೈತನ ಆ ದಿನದ ಸಂಪಾದನೆಗೇ ಕುಂದುಂಟಾಗುತ್ತದೆ.

ಲಡಾಖಿನಂತಹ ಪ್ರದೇಶಗಳಲ್ಲಿ ಚಳಿಗಾಲದ ಉಷ್ಣತೆಯು ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತದೆ. ಕರ್ನಾಟಕದ ಚಳಿ ಅಷ್ಟು ತೀವ್ರವಾದುದಲ್ಲ. ಬೆಂಗಳೂರಿನಲ್ಲಿ ದಾಖಲೆಯಾಗಿರುವ ಅತಿ ಕಡಿಮೆ ಉಷ್ಣತೆಯೆಂದರೆ 1884ನೆಯ ಇಸವಿ ಜನವರಿ 13ರಂದು ಕಂಡ 7.8 ಡಿಗ್ರಿ ಸೆಲ್ಸಿಯಸ್. ಬೀದರ, ವಿಜಯಪುರ, ಚಿಕ್ಕಮಗಳೂರು, ಕೊಡಗು ಈ ಕಡೆಗಳಲ್ಲಿಯೂ ಮಾಗಿಯ ಕೆಲವು ಮುಂಜಾನೆಗಳು 10 ಡಿಗ್ರಿಯ ಆಸುಪಾಸಿನಲ್ಲಿರುವುದುಂಟು. ಇಷ್ಟು ಚಳಿಗೆ ಸುಸ್ಥಿತಿಯಲ್ಲಿರುವ ಎಂಜಿನ್ನು ತುಸು ತಡೆದೀತೇ ಹೊರತು ನಿಂತೇ ಬಿಡಲಾರದು. ಆದುದರಿಂದ ದಿನದಿನವೂ ತೊಂದರೆ ಕೊಡುವ ವಾಹನದಲ್ಲಿ ಬೇರೇನೋ ಲೋಪವಿದೆಯೆಂದು ತಿಳಿಯತಕ್ಕದ್ದು. ಚಳಿಯು ಹೊಸ ದೋಷವನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಬೇಸಗೆಯಲ್ಲಿ ಅಡಗಿದ್ದ ದೋಷವನ್ನು ಹೊರಪಡಿಸುತ್ತದೆ.

ಚಳಿಯಿಂದಾಗುವ ಮೂರು ತೊಡಕುಗಳು

ಮೊದಲನೆಯದು ಪೆಟ್ರೋಲಿಗೆ ಸಂಬಂಧಪಟ್ಟದ್ದು. ಎಂಜಿನ್ನಿನಲ್ಲಿ ಉರಿಯತಕ್ಕದ್ದು ಪೆಟ್ರೋಲಿನ ಆವಿಯೇ ಹೊರತು ಅದರ ಹನಿಗಳಲ್ಲ. ತೂಕದಲ್ಲಿ ಸುಮಾರು 15 ಭಾಗ ಗಾಳಿಗೆ 1 ಭಾಗ ಪೆಟ್ರೋಲು ಸೇರಿದರೆ ಸರಿಯಾಗಿ ಉರಿಯುತ್ತದೆ. ಚಳಿಯಲ್ಲಿ ಪೆಟ್ರೋಲಿನ ಸ್ವಲ್ಪ ಭಾಗ ಮಾತ್ರ ಆವಿಯಾಗಿ, ಉಳಿದದ್ದು ತಣ್ಣಗಿರುವ ಲೋಹಕ್ಕೆ ಹನಿಹನಿಯಾಗಿ ಅಂಟಿಕೊಳ್ಳುವುದರಿಂದ ಕಿಡಿ ಹಾರಿದರೂ ಬೆಂಕಿ ಹತ್ತುವುದಿಲ್ಲ. ಕಬ್ಬು ಮತ್ತು ಧಾನ್ಯಗಳಿಂದ ತಯಾರಾಗುವ ಎಥನಾಲನ್ನು ಪೆಟ್ರೋಲಿಗೆ ನೂರಕ್ಕೆ 20 ಪಾಲು ಬೆರೆಸುವ ಗುರಿಯನ್ನು ದೇಶವು 2025ರಲ್ಲಿ ಮುಟ್ಟಿತು. ಎಥನಾಲು ಆವಿಯಾಗಲು ಅಷ್ಟೇ ತೂಕದ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕಾಗುವುದರಿಂದ ಹಳೆಯ ವಾಹನಗಳು ಚಳಿಯಲ್ಲಿ ಇನ್ನಷ್ಟು ತಡಮಾಡಬಹುದು.

ಎರಡನೆಯದು ಎಂಜಿನ್ ಆಯಿಲಿನದು. ಚಳಿಗೆ ಹರಳೆಣ್ಣೆ ಮಂದವಾಗುವಂತೆ ಇದೂ ಮಂದವಾಗಿ, ಪಿಸ್ಟನ್ನಿನ ಚಲನೆಗೆ ಅಡ್ಡಿಯುಂಟುಮಾಡುತ್ತದೆ. ಕ್ಲಚ್ಚಿನ ಬಿಲ್ಲೆಗಳೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಮೂರನೆಯದು ಬ್ಯಾಟರಿಯದು. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆಯು ಚಳಿಯಲ್ಲಿ ನಿಧಾನವಾಗುವುದರಿಂದ ಅದರ ಬಲ ಕುಗ್ಗುತ್ತದೆ. ಆಯಿಲು ಮಂದವಾಗಿ ಹೆಚ್ಚು ಬಲ ಬೇಕಾದಾಗಲೇ ಬಲ ಕಡಿಮೆಯಾಗುವುದು ಇಲ್ಲಿನ ವಿಶೇಷ ತೊಂದರೆ.

ಮಾಗಿಗೆ ಮುಂಚೆ ಮಾಡತಕ್ಕ ಸಿದ್ಧತೆ

ದೀಪಾವಳಿಯ ವೇಳೆಗೆ ಬ್ಯಾಟರಿಯನ್ನು ಮೆಕ್ಯಾನಿಕ್ಕಿನಲ್ಲಿ ಪರೀಕ್ಷೆ ಮಾಡಿಸತಕ್ಕದ್ದು. ರಾತ್ರಿಯೆಲ್ಲಾ ನಿಂತ ವಾಹನದ ಬ್ಯಾಟರಿಯು 12.6 ವೋಲ್ಟು ತೋರಿಸಿದರೆ ತುಂಬಿದೆಯೆಂದೂ, 12 ವೋಲ್ಟಿಗಿಂತ ಕೆಳಗಿದ್ದರೆ ಬಹುಮಟ್ಟಿಗೆ ಬರಿದಾಗಿದೆಯೆಂದೂ ತಿಳಿಯಬೇಕು. ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ ಬಿಳಿಯ ಕಿಲುಬನ್ನು ಒರಸಿ ತಂತಿಗಳನ್ನು ಬಿಗಿಮಾಡತಕ್ಕದ್ದು. ಕಪ್ಪುಗಟ್ಟಿದ ಸ್ಪಾರ್ಕ್ ಪ್ಲಗ್ಗನ್ನು ಶುದ್ಧಿಮಾಡಬೇಕು, ಸವೆದಿದ್ದರೆ ಬದಲಾಯಿಸಬೇಕು. ಎಂಜಿನ್ ಆಯಿಲಿನ ಡಬ್ಬಿಯ ಮೇಲೆ 10ಡಬ್ಲ್ಯು-30, 20ಡಬ್ಲ್ಯು-50 ಎಂಬ ಗುರುತುಗಳಿರುತ್ತವೆ. ಮೊದಲನೆಯ ಅಂಕಿ ಚಿಕ್ಕದಾದಷ್ಟೂ ಆಯಿಲು ಚಳಿಯಲ್ಲಿ ಸುಲಭವಾಗಿ ಹರಿಯುತ್ತದೆ. ಆದರೂ ವಾಹನದೊಡನೆ ಬಂದ ಪುಸ್ತಕದಲ್ಲಿ ಹೇಳಿದ ಜಾತಿಯನ್ನೇ ಹಾಕತಕ್ಕದ್ದು.

ಟ್ಯಾಂಕು ಬರಿದಾಗಿದ್ದಷ್ಟೂ ಅದರೊಳಗಿನ ಗಾಳಿಯ ತೇವವು ರಾತ್ರಿಯ ಚಳಿಗೆ ನೀರಾಗಿ ಪೆಟ್ರೋಲಿಗೆ ಸೇರಲು ಅವಕಾಶ ಹೆಚ್ಚು. ಎಥನಾಲಿಗೆ ನೀರನ್ನು ಹೀರುವ ಗುಣವಿದೆ. ನೀರು ಮಿತಿಮೀರಿದರೆ ಎರಡೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಆದುದರಿಂದ ಟ್ಯಾಂಕನ್ನು ಆದಷ್ಟು ತುಂಬಿಟ್ಟಿರುವುದೂ, ರಾತ್ರಿ ವಾಹನವನ್ನು ಇಬ್ಬನಿ ಬೀಳದ ಕಡೆ ನಿಲ್ಲಿಸುವುದೂ ಒಳ್ಳೆಯದು.

ಮುಂಜಾನೆಯ ಕ್ರಮ

ಕಾರ್ಬ್ಯುರೇಟರುಳ್ಳ ವಾಹನಗಳಲ್ಲಿ, ಕೀಲಿ ತಿರುಗಿಸುವುದಕ್ಕೆ ಮುಂಚೆ ಗೇರನ್ನು ನ್ಯೂಟ್ರಲ್ಲಿಗೆ ತಂದು, ಕ್ಲಚ್ಚನ್ನು ಹಿಡಿದು ಕಿಕ್ಕರನ್ನು ಎರಡು ಮೂರು ಸಲ ಮೆಲ್ಲಗೆ ತುಳಿಯತಕ್ಕದ್ದು. ಇದರಿಂದ ಅಂಟಿದ ಬಿಲ್ಲೆಗಳು ಬಿಡುತ್ತವೆ. ಅನಂತರ ಚೋಕನ್ನು ಪೂರ್ತಿಯಾಗಿ ಎಳೆಯಬೇಕು. ಗಾಳಿಯನ್ನು ತಗ್ಗಿಸಿ ಅಥವಾ ಪೆಟ್ರೋಲನ್ನು ಹೆಚ್ಚಿಸಿ, ಆವಿಯ ಕೊರತೆಯನ್ನು ತುಂಬುವುದೇ ಚೋಕಿನ ಕೆಲಸ. ಬಳಿಕ ಕೀಲಿ ತಿರುಗಿಸಿ, ಆಕ್ಸಿಲರೇಟರನ್ನು ಮುಟ್ಟದೆ ಕಿಕ್ಕರನ್ನು ಒಂದೇ ಸಮನೆ ಪೂರ್ತಿ ತುಳಿಯತಕ್ಕದ್ದು. ಚಾಲೂ ಆದ ಒಂದೆರಡು ನಿಮಿಷಗಳೊಳಗೆ, ಎಂಜಿನ್ನು ಬಿಸಿಯಾದಂತೆಲ್ಲಾ ಚೋಕನ್ನು ಮೆಲ್ಲಮೆಲ್ಲಗೆ ಹಿಂದಕ್ಕೆ ಸರಿಸಬೇಕು. ಇದನ್ನು ಮರೆತರೆ ಪೆಟ್ರೋಲು ವ್ಯರ್ಥವಾಗಿ ಪ್ಲಗ್ಗಿನ ಮೇಲೆ ಮಸಿ ಕಟ್ಟುತ್ತದೆ.

2020ನೆಯ ಏಪ್ರಿಲ್ ತಿಂಗಳಿಂದ ಜಾರಿಗೆ ಬಂದ ನಿಯಮಕ್ಕೆ ಅನುಸಾರವಾಗಿ ತಯಾರಾದ ವಾಹನಗಳು ಬಹುಪಾಲು ಇಂಜೆಕ್ಷನ್ ಪದ್ಧತಿಯವು. ಇವು ಎಂಜಿನ್ನಿನ ಉಷ್ಣತೆಯನ್ನು ತಾವೇ ಅಳೆದು ಬೇಕಾದಷ್ಟು ಪೆಟ್ರೋಲನ್ನು ಬಿಡುವುದರಿಂದ ಚೋಕಿನ ಅವಶ್ಯಕತೆಯಿಲ್ಲ. ಕೀಲಿ ತಿರುಗಿಸಿ ಎರಡು ಮೂರು ಸೆಕೆಂಡು ತಡೆದು, ಪೆಟ್ರೋಲಿನ ಪಂಪು ಕೆಲಸ ಮಾಡಿದ ಮೇಲೆ ಗುಂಡಿಯೊತ್ತತಕ್ಕದ್ದು. ಒಮ್ಮೆಗೆ 5 ಸೆಕೆಂಡಿಗಿಂತ ಹೆಚ್ಚು ಒತ್ತಕೂಡದು. ಚಾಲೂ ಆಗದಿದ್ದರೆ ಸ್ವಲ್ಪ ಬಿಡುವು ಕೊಟ್ಟು ಪುನಃ ಪ್ರಯತ್ನಿಸಬೇಕು. ಈ ಪಂಪು ಬ್ಯಾಟರಿಯಿಂದಲೇ ನಡೆಯುವ ಕಾರಣ, ಬ್ಯಾಟರಿ ಪೂರ್ತಿ ಬರಿದಾದರೆ ಕಿಕ್ಕರ್ ತುಳಿದರೂ ವಾಹನವನ್ನು ತಳ್ಳಿದರೂ ಫಲವಾಗದೆ ಹೋಗಬಹುದು.

ಪದೇ ಪದೇ ತುಳಿದು ಪೆಟ್ರೋಲಿನ ವಾಸನೆ ಬಂದರೆ ಪ್ಲಗ್ಗು ತೊಯ್ದಿದೆಯೆಂದು ಅರ್ಥ. ಕಾರ್ಬ್ಯುರೇಟರುಳ್ಳ ವಾಹನದಲ್ಲಿ ಆಗ ಚೋಕನ್ನು ಮುಚ್ಚಿ, ಆಕ್ಸಿಲರೇಟರನ್ನು ಪೂರ್ತಿ ತಿರುವಿ ಹಿಡಿದು ಕೆಲವು ಸಲ ತುಳಿದರೆ ಹೆಚ್ಚಾದ ಪೆಟ್ರೋಲು ಹೊರಟುಹೋಗುತ್ತದೆ. ಅದರಿಂದಲೂ ಆಗದಿದ್ದರೆ ಪ್ಲಗ್ಗನ್ನು ಬಿಚ್ಚಿ ಒರಸಿ ಹಾಕತಕ್ಕದ್ದು.

ಹೊಗೆಯ ಲಕ್ಷಣ

ಮೊದಲು ತೋರುವ ತೆಳುವಾದ ಬಿಳಿಯ ಹೊಗೆಯು ನೀರಾವಿಯಾದುದರಿಂದ ಭಯವಿಲ್ಲ. ಬಿಸಿಯಾದ ಮೇಲೂ ಕಪ್ಪು ಹೊಗೆ ಬರುತ್ತಿದ್ದರೆ ಪೆಟ್ರೋಲು ಹೆಚ್ಚಾಗಿದೆಯೆಂದೂ, ನೀಲಿ ಹೊಗೆಯಾದರೆ ಆಯಿಲು ಉರಿಯುತ್ತಿದೆಯೆಂದೂ ತಿಳಿದು ಮೆಕ್ಯಾನಿಕ್ಕಿಗೆ ತೋರಿಸಬೇಕು.

ಮಾಡಕೂಡದ ಕೆಲಸಗಳು

ಎಂಜಿನ್ನನ್ನು ಬಿಸಿಮಾಡಲೆಂದು ಹುಲ್ಲು, ಪಂಜು ಮುಂತಾದುವನ್ನು ಹತ್ತಿಸಿ ಹಿಡಿಯಲೇಕೂಡದು. ಪೆಟ್ರೋಲಿನ ಆವಿಗೆ ಒಂದು ಕಿಡಿಯೇ ಸಾಕು. ತಣ್ಣಗಿರುವ ಎಂಜಿನ್ನಿಗೆ ಜೋರಾಗಿ ರೇಸು ಕೊಡಕೂಡದು; ಆಯಿಲು ಎಲ್ಲ ಭಾಗಗಳಿಗೂ ಮುಟ್ಟುವುದರೊಳಗೆ ಲೋಹಗಳು ಉಜ್ಜಿ ಸವೆಯುತ್ತವೆ. ಚಾಲೂ ಮಾಡಿ ಒಂದು ನಿಮಿಷ ಬಿಟ್ಟು, ಮೊದಲ ಎರಡು ಮೂರು ಕಿಲೋಮೀಟರು ಮೆಲ್ಲಗೆ ನಡೆಸುವುದೇ ಉತ್ತಮ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಕಳ್ಳರ ಭಯದಿಂದ ಅನೇಕರು ವಾಹನವನ್ನು ನಡುಮನೆಯಲ್ಲಿಯೋ ಕೊಟ್ಟಿಗೆಯಲ್ಲಿಯೋ ನಿಲ್ಲಿಸಿ, ಚಳಿಗೆ ಬಾಗಿಲನ್ನು ಮುಚ್ಚಿಕೊಂಡು ಅಲ್ಲಿಯೇ ಚಾಲೂ ಮಾಡುವುದುಂಟು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡು ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಪ್ರಾಣವಾಯುವಿಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ಮಲಗಿರುವ ಮಕ್ಕಳಿಗೂ ಕಟ್ಟಿಹಾಕಿದ ದನಕರುಗಳಿಗೂ ಅಪಾಯವು ತಿಳಿಯುವುದರೊಳಗೆ ಪ್ರಾಣಹಾನಿಯಾಗಬಹುದು. ವಾಹನವನ್ನು ಅಂಗಳಕ್ಕೆ ತಳ್ಳಿಕೊಂಡು ಬಂದೇ ಚಾಲೂ ಮಾಡತಕ್ಕದ್ದು.

ಎತ್ತಿಗೆ ಹಿಂದಿನ ದಿನವೇ ಮೇವು ಹಾಕಿ ವಿಶ್ರಾಂತಿ ಕೊಡದೆ ಬೆಳಗ್ಗೆ ಬಾರುಕೋಲಿನಿಂದ ಬಡಿದು ಫಲವಿಲ್ಲವೆಂಬುದನ್ನು ಪ್ರತಿಯೊಬ್ಬ ಒಕ್ಕಲಿಗನೂ ಬಲ್ಲನು. ಮೋಟಾರು ಸೈಕಲ್ಲಿನ ವಿಷಯವೂ ಹಾಗೆಯೇ. ಬ್ಯಾಟರಿ, ಪ್ಲಗ್ಗು, ಆಯಿಲು, ಪೆಟ್ರೋಲು ಈ ನಾಲ್ಕನ್ನು ಮುಂಚಿತವಾಗಿ ಸರಿಯಾಗಿಟ್ಟುಕೊಂಡ ರೈತನ ಹಾಲು ಎಂತಹ ಚಳಿಯಲ್ಲಿಯೂ ಹೊತ್ತಿಗೆ ಸರಿಯಾಗಿ ಸಂಘವನ್ನು ಸೇರುವುದು.