ಮುಟ್ಟುವ ಮೊದಲೇ ನಡೆದ ಕೆಲಸ

ನಮ್ಮ ವಿದ್ಯಾರ್ಥಿನಿಲಯದ ಊಟದ ಲೆಕ್ಕಕ್ಕೆಂದು ರಿಯಾಕ್ಟ್ ನೇಟಿವ್‌ನಲ್ಲಿ ಒಂದು ಮೊಬೈಲ್ ಆ್ಯಪ್ ರಚಿಸಿದೆನು. ಪರದೆ ತೆರೆದೊಡನೆ, ಗುಂಡಿಯನ್ನು ಮುಟ್ಟುವ ಮೊದಲೇ, ಪ್ರತಿಯೊಬ್ಬರ ಹೆಸರಿಗೂ ಒಂದೊಂದು ಊಟ ಏರುತ್ತಿತ್ತು. ಮುಟ್ಟಿದರೆ ಏನೂ ಆಗದು! ಉಣ್ಣದ ಊಟಕ್ಕೆ ಹಣ ತೆತ್ತ ಮಿತ್ರರ ಕೋಪವನ್ನು ವಾಚಕರೇ ಊಹಿಸಿಕೊಳ್ಳಬಹುದು.

ಊಟ ದಾಖಲಿಸುವ ಫಂಕ್ಷನ್ನಿನ ಮೊದಲ ಸಾಲಿನಲ್ಲಿ ಒಂದು ಕನ್ಸೋಲ್ ಸಂದೇಶವನ್ನಿಟ್ಟು ನೋಡಿದೆನು. ಬೆರಳು ತಾಗುವ ಮುನ್ನವೇ ಸಂದೇಶ ಬಂದಿತು. 'ಆನ್‌ಪ್ರೆಸ್'ಗೆ ಕೊಡಬೇಕಾದುದು ಫಂಕ್ಷನ್ನನ್ನೇ. ನಾನಾದರೋ ಹೆಸರಿನ ಮುಂದೆ ಆವರಣ ಹಾಕಿ ಅದನ್ನು ಕರೆದೇಬಿಟ್ಟಿದ್ದೆನು. ವಾಲಗದವರ ವಿಳಾಸ ಕೊಡುವುದು ಬೇರೆ, ಈಗಲೇ ಊದಿಸುವುದು ಬೇರೆಯಷ್ಟೆ! ಪರದೆ ರಚನೆಯಾಗುವಾಗಲೇ ಕೆಲಸ ನಡೆದುಹೋಗಿ, ಗುಂಡಿಯ ಪಾಲಿಗೆ ಏನೂ ಉಳಿಯಲಿಲ್ಲ.

ಯಾರ ಊಟವೆಂದು ತಿಳಿಸಲು ಆವರಣವಂತೂ ಬೇಕು. ಆದುದರಿಂದ ಆ ಕರೆಯನ್ನು ಬಾಣದ ಗುರುತಿನ ಇನ್ನೊಂದು ಪುಟ್ಟ ಫಂಕ್ಷನ್ನಿನೊಳಗೆ ಇರಿಸಿದೆನು. ಹಳೆಯ ಊಟಗಳನ್ನು ಮಾತ್ರ ಒಂದೊಂದಾಗಿ ಅಳಿಸಬೇಕಾಯಿತು.