ವೆನ್‌ಲಾಕಿನ ವೈದ್ಯರು

ನಾಲ್ಕು ವರ್ಷಗಳಿಗೊಮ್ಮೆ ಸಕಲ ರಾಷ್ಟ್ರಗಳ ಕ್ರೀಡಾಳುಗಳು ಕೂಡುವ ಒಲಿಂಪಿಕ್ ಮಹೋತ್ಸವದ ಹೆಸರನ್ನು ಕೇಳದವರು ನಮ್ಮ ವಾಚಕರಲ್ಲಿ ವಿರಳ. ಅದನ್ನು ಪುನರುದ್ಧಾರ ಮಾಡಿದವರು ಫ್ರಾನ್ಸಿನ ಪಿಯರ್ ದ ಕೂಬರ್ತಾನ್ ಎಂಬುದೂ ಬಹುಜನರಿಗೆ ತಿಳಿದ ಸಂಗತಿಯೇ. ಆದರೆ ಆ ಕೂಬರ್ತಾನರು ತಮ್ಮ ಇಪ್ಪತ್ತೇಳನೆಯ ವಯಸ್ಸಿನಲ್ಲಿ, 1890ರ ಅಕ್ಟೋಬರ್ ತಿಂಗಳಿನಲ್ಲಿ, ಇಂಗ್ಲೆಂಡಿನ ಒಂದು ಸಣ್ಣ ಪೇಟೆಗೆ ಹೋಗಿ ಎಂಬತ್ತೊಂದು ವರ್ಷದ ಒಬ್ಬ ವೃದ್ಧ ವೈದ್ಯರ ಅತಿಥಿಗಳಾಗಿದ್ದರೆಂಬುದನ್ನು ಬಲ್ಲವರು ಸ್ವಲ್ಪ. ಆ ವೃದ್ಧರೇ ಡಾಕ್ಟರ್ ವಿಲಿಯಂ ಪೆನ್ನಿ ಬ್ರೂಕ್ಸ್ ಎಂಬವರು. ಅವರನ್ನು ಇಂದು ಸ್ಮರಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಬ್ರೂಕ್ಸರು 1809ರಲ್ಲಿ ಶ್ರಾಪ್‌ಷೈರ್ ಪ್ರಾಂತದ ಮಚ್ ವೆನ್‌ಲಾಕ್ ಎಂಬ ಊರಿನಲ್ಲಿ ವೈದ್ಯರೊಬ್ಬರ ಮಗನಾಗಿ ಜನಿಸಿದರು. ಲಂಡನ್, ಪ್ಯಾರಿಸ್, ಪಾದುವಾ ನಗರಗಳಲ್ಲಿ ವೈದ್ಯವಿದ್ಯೆಯನ್ನು ಕಲಿತರು. ತಂದೆ ತೀರಿಕೊಂಡ ಬಳಿಕ, 1831ರಲ್ಲಿ ಹುಟ್ಟೂರಿಗೆ ಹಿಂದಿರುಗಿ ತಂದೆಯ ವೃತ್ತಿಯನ್ನೇ ಕೈಗೊಂಡರು. ಅಷ್ಟು ಕಲಿತವರು ಮಹಾನಗರದಲ್ಲಿ ನೆಲೆಸಿ ಧನವನ್ನೂ ಕೀರ್ತಿಯನ್ನೂ ಗಳಿಸಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಮದುವೆಯಾಗಿ ಮಕ್ಕಳೊಂದಿಗನಾಗಿ, ಊರ ದೇವಾಲಯದ ಎದುರಿನ ಬೀದಿಯಲ್ಲಿಯೇ ಸಂಸಾರ ನಡೆಸಿದರು, ಅಲ್ಲಿಯೇ ಕಾಲವಾದರು. ಗೃಹಸ್ಥಾಶ್ರಮವು ಲೋಕಸೇವೆಗೆ ಅಡ್ಡಿಯೆಂದು ನೆಪ ಹೇಳುವವರಿಗೆ ಅವರ ಬಾಳೇ ಸಾಕಾದ ಉತ್ತರವಾಗಿದೆ.

ರೋಗಿಗಳನ್ನು ನೋಡಿ ಉಳಿದ ವೇಳೆಯೆಲ್ಲವೂ ಊರಿಗೆ ಸಂದಿತು. 1841ರಲ್ಲಿ ಅವರು ಒಂದು ವಾಚನ ಸಂಘವನ್ನು ಸ್ಥಾಪಿಸಿದರು. ಪುಸ್ತಕಗಳನ್ನು ಕೊಳ್ಳಲಾರದ ರೈತರೂ ಕೂಲಿಗಳೂ ಓದಲೆಂಬುದೇ ಅದರ ಉದ್ದೇಶ. ಊರಿಗೆ ಅನಿಲದೀಪವನ್ನೂ ರೈಲುಮಾರ್ಗವನ್ನೂ ತರುವ ಯತ್ನದಲ್ಲಿ ಅವರು ಮುಂದಾಳುಗಳಾಗಿದ್ದರು. ನ್ಯಾಯಾಧಿಕಾರಿಗಳಾಗಿಯೂ ದೀರ್ಘಕಾಲ ದುಡಿದರು. ಕುಡಿತ, ಸಣ್ಣ ಕಳವು ಮೊದಲಾದ ಅಪರಾಧಗಳಿಗಾಗಿ ತಮ್ಮೆದುರಿಗೆ ಬಂದು ನಿಲ್ಲುವ ಬಡವರನ್ನು ದಂಡಿಸುವುದಕ್ಕಿಂತ, ಅವರ ಬಿಡುವಿನ ವೇಳೆಗೆ ಒಂದು ಸತ್ಕಾರ್ಯವನ್ನು ಒದಗಿಸುವುದೇ ಮೇಲೆಂಬುದು ಅವರ ನಿಲುವಾಗಿತ್ತು.

ಈ ನಿಲುವಿನ ಫಲವಾಗಿ 1850ರ ಫೆಬ್ರವರಿಯಲ್ಲಿ ವಾಚನ ಸಂಘದ ಅಂಗವಾಗಿ ಒಂದು 'ಒಲಿಂಪಿಯನ್ ವರ್ಗ'ವು ಹುಟ್ಟಿತು. ಅದೇ ಅಕ್ಟೋಬರಿನಲ್ಲಿ ಮೊದಲನೆಯ ಕ್ರೀಡೋತ್ಸವವು ನಡೆಯಿತು. ಓಟ, ಜಿಗಿತ, ಕ್ರಿಕೆಟ್, ಕಾಲ್ಚೆಂಡು, ಕಬ್ಬಿಣದ ಬಳೆಯೆಸೆತ ಇವು ಮುಖ್ಯ ಪಂದ್ಯಗಳು. ಮುಂದೆ ಕುದುರೆಯೇರಿ ಈಟಿಯ ಮೊನೆಯಿಂದ ತೂಗುವ ಉಂಗುರವನ್ನು ಎತ್ತುವ ಪಂದ್ಯವೂ, ಕಣ್ಣು ಕಟ್ಟಿಕೊಂಡು ತಳ್ಳುಗಾಡಿ ನೂಕುವ ವಿನೋದವೂ ಸೇರಿದವು. ಒಮ್ಮೆ ಮುದುಕಿಯರ ಓಟಕ್ಕೆ ಒಂದು ಪೌಂಡು ಚಹದ ಪುಡಿಯೇ ಪಾರಿತೋಷಕವಾಗಿತ್ತು! ನಗುವವರು ನಗಲಿ. ಇಡಿಯ ಊರು ಒಂದು ಬಯಲಿನಲ್ಲಿ ಕೂಡಿ ನಲಿದುದು ಸಾಮಾನ್ಯ ಸಂಗತಿಯಲ್ಲ.

1866ರಲ್ಲಿ ಬ್ರೂಕ್ಸರೂ ಅವರ ಮಿತ್ರರೂ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ರಾಷ್ಟ್ರೀಯ ಒಲಿಂಪಿಯನ್ ಕ್ರೀಡೆಗಳನ್ನು ನಡೆಸಿದರು. ಹದಿನೆಂಟು ವರ್ಷದ ಡಬ್ಲ್ಯೂ. ಜಿ. ಗ್ರೇಸ್ ಅಲ್ಲಿಗೆ ಬಂದು 440 ಗಜದ ಅಡೆತಡೆಯ ಓಟವನ್ನು ಗೆದ್ದನು. ಅವನೇ ಮುಂದೆ ಕ್ರಿಕೆಟ್ಟಿನ ಭೀಷ್ಮನೆನಿಸಿದನು.

ಆದರೆ ಅದೇ ಕಾಲದಲ್ಲಿ ಲಂಡನ್ನಿನ ಸಿರಿವಂತರು ಅಮೆಚೂರ್ ಅಥ್ಲೆಟಿಕ್ ಕ್ಲಬ್ಬನ್ನು ಕಟ್ಟಿದರು. ಹವ್ಯಾಸಿ ಯಾರೆಂಬುದಕ್ಕೆ ಅವರು ಕೊಟ್ಟ ಲಕ್ಷಣವು ವಿಚಿತ್ರವಾಗಿತ್ತು. ಹಣಕ್ಕಾಗಿ ಆಡುವವನನ್ನು ಹೊರಗಿಟ್ಟದ್ದಷ್ಟೇ ಅಲ್ಲ. ಯಂತ್ರಕೆಲಸದವನು, ಕುಶಲಕರ್ಮಿ, ಕೂಲಿಯವನು ಇವರೂ ಹವ್ಯಾಸಿಗಳಲ್ಲವಂತೆ! ಬೆವರಿಳಿಸಿ ಉಣ್ಣುವವನು ವಿನೋದಕ್ಕಾಗಿ ಓಡಲು ಅನರ್ಹನೆಂಬ ಈ ನ್ಯಾಯವನ್ನು ಏನೆನ್ನೋಣ? ಪಂಕ್ತಿಭೇದವು ನಮ್ಮ ದೇಶವೊಂದರ ಪಿಡುಗೆಂದು ಹೇಳುವವರು ಇದನ್ನು ಗಮನಿಸತಕ್ಕದ್ದು. ಬ್ರೂಕ್ಸರು ಮಾತ್ರ ತಮ್ಮ ಬಯಲಿನ ಬಾಗಿಲನ್ನು ಮುಚ್ಚಲಿಲ್ಲ. ಎಲ್ಲ ದರ್ಜೆಯ ಜನರಿಗೂ ಅಲ್ಲಿ ಪ್ರವೇಶವಿತ್ತು. ಕಡೆಗೆ 1880ರಲ್ಲಿ ಸ್ಥಾಪಿತವಾದ ಅಮೆಚೂರ್ ಅಥ್ಲೆಟಿಕ್ ಅಸೋಸಿಯೇಷನ್ ಆ ಹೀನ ನಿಬಂಧನೆಯನ್ನು ಕೈಬಿಟ್ಟಿತು. ಹಳ್ಳಿಯ ವೈದ್ಯರ ಪಕ್ಷವೇ ನ್ಯಾಯದ ಪಕ್ಷವೆಂಬುದು ಆಗ ಸಿದ್ಧವಾಯಿತು.

ಶಾಲೆಯ ಮಕ್ಕಳಿಗೆ ವ್ಯಾಯಾಮವು ಪಾಠದಷ್ಟೇ ಅವಶ್ಯಕವೆಂದು ಅವರು ಸರಕಾರದೊಡನೆ ವರ್ಷಗಟ್ಟಲೆ ವಾದಿಸಿದರು. ಬರಿಯ ವಾದವಲ್ಲ, 1871ರಲ್ಲಿ ಊರಿನ ಶಾಲೆಯ ಬಾಲಕರಿಗೆ ಅಂಗಸಾಧನೆ ಮಾಡಿಸಿ, ಅವರ ಎದೆಯ ಸುತ್ತಳತೆ ಹೆಚ್ಚಿದುದನ್ನು ಅಳೆದು ತೋರಿಸಿದರು. ಆ ಸಾಧನೆಯ ಉಪಕರಣಗಳಲ್ಲಿ ಇಂಗ್ಲಿಷರು 'ಇಂಡಿಯನ್ ಕ್ಲಬ್ಬು' ಎಂದು ಕರೆಯುವ ಮುದ್ಗರವೂ ಇತ್ತು. ನಮ್ಮ ಗರಡಿಯ ಸಾಧನವು ಕಡಲು ದಾಟಿ ವೆನ್‌ಲಾಕಿನ ಮಕ್ಕಳ ತೋಳನ್ನು ಬಲಪಡಿಸಿತು.

ಒಲಿಂಪಿಕ್ ಕ್ರೀಡೆಗಳು ಆಥೆನ್ಸಿನಲ್ಲಿ ಸಕಲ ರಾಷ್ಟ್ರಗಳಿಗಾಗಿ ನಡೆಯಬೇಕೆಂದು 1881ರಷ್ಟು ಹಿಂದೆಯೇ ಅವರು ಗ್ರೀಸಿಗೆ ಸೂಚಿಸಿದ್ದರು. ಆಗ ಅದು ಕೈಗೂಡಲಿಲ್ಲ. ಒಂಬತ್ತು ವರ್ಷಗಳ ಮೇಲೆ ಕೂಬರ್ತಾನರು ಬಂದಾಗ, ವೃದ್ಧರು ಅವರಿಗಾಗಿ ವಿಶೇಷ ಕ್ರೀಡೋತ್ಸವವನ್ನು ನಡೆಸಿದರು. ತಮ್ಮ ಹಳೆಯ ಕನಸನ್ನೂ ಅರುಹಿದರು. ಅತಿಥಿಗಳು ಅಲ್ಲಿ ಒಂದು ಓಕ್ ಸಸಿಯನ್ನು ನೆಟ್ಟರು. ಗ್ರೀಸಿನ ಒಲಿಂಪಿಕ್ ಪರಂಪರೆಯು ಇನ್ನೂ ಉಸಿರಾಡುತ್ತಿರುವುದು ಡಾಕ್ಟರ್ ಬ್ರೂಕ್ಸರ ಪುಣ್ಯದಿಂದಲೇ ಎಂಬರ್ಥದಲ್ಲಿ ಬರೆದು ಅವರು ಆ ಋಣವನ್ನು ಒಪ್ಪಿಕೊಂಡರು. 1894ರ ಪ್ಯಾರಿಸ್ ಸಮ್ಮೇಳನಕ್ಕೆ ಬ್ರೂಕ್ಸರು ಅನಾರೋಗ್ಯದಿಂದ ಹೋಗಲಾಗಲಿಲ್ಲ. 1895ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ನಾಲ್ಕೇ ತಿಂಗಳ ಮೇಲೆ, 1896ರ ಏಪ್ರಿಲಿನಲ್ಲಿ, ಆಥೆನ್ಸಿನಲ್ಲಿ ಕ್ರೀಡೆಗಳು ಆರಂಭವಾದವು.

ಲೋಕವು ಅವರನ್ನು ಬಹುಕಾಲ ಮರೆತಿತ್ತು. 1994ರಲ್ಲಿ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಸಮರಾಂಚರು ಅವರ ಸಮಾಧಿಗೆ ಬಂದು ಹೂಮಾಲೆಯನ್ನಿಟ್ಟು, ಆಧುನಿಕ ಒಲಿಂಪಿಕ್ಕಿನ ನಿಜವಾದ ಸ್ಥಾಪಕರೆಂದು ಗೌರವ ಸಲ್ಲಿಸಿದರು. 2012ರ ಲಂಡನ್ ಕ್ರೀಡೆಗಳ ಒಂದು ಲಾಂಛನಬೊಂಬೆಗೆ 'ವೆನ್‌ಲಾಕ್' ಎಂದೇ ಹೆಸರಿಟ್ಟರು.

ಆದರೆ ಅವರ ಹಿರಿಮೆಯನ್ನು ಒಲಿಂಪಿಕ್ಕಿನ ಅಳತೆಯಿಂದ ಅಳೆಯಲು ನಮಗೆ ಮನಸ್ಸಿಲ್ಲ. ಕೂಬರ್ತಾನರು ಬಾರದೆ ಇದ್ದಿದ್ದರೂ ಬ್ರೂಕ್ಸರ ಬಾಳು ಸಾರ್ಥಕವೇ. ನಮ್ಮ ಒಂದೊಂದು ತಾಲ್ಲೂಕು ಪೇಟೆಯಲ್ಲಿಯೂ ಒಬ್ಬ ವೈದ್ಯನೋ ಉಪಾಧ್ಯಾಯನೋ ವಕೀಲನೋ ಇದ್ದೇ ಇರುವನು. ಅವನಿಗೂ ಹೆಂಡಿರು ಮಕ್ಕಳುಂಟು, ದಿನಕ್ಕೆ ಅವೇ ಇಪ್ಪತ್ತನಾಲ್ಕು ಗಂಟೆಗಳುಂಟು. ಅವುಗಳಲ್ಲಿ ಒಂದು ಗಂಟೆಯನ್ನು ಊರ ಮಕ್ಕಳ ಆಟದ ಬಯಲಿಗೆ ಕೊಟ್ಟರೆ ಅವನ ಸಂಸಾರಕ್ಕೆ ನಷ್ಟವಾಗದು. ಊರಿಗೆ ಆಗುವ ಲಾಭವು ಅಪಾರ. ವೆನ್‌ಲಾಕಿನಲ್ಲಿ ಆ ಕ್ರೀಡೋತ್ಸವವು ಇಂದಿಗೂ ವರ್ಷವರ್ಷವೂ ನಡೆದುಬರುತ್ತಿದೆ. ಕಲ್ಲಿನ ಪ್ರತಿಮೆಗಿಂತ ಅದೇ ಅವರಿಗೆ ತಕ್ಕ ಸ್ಮಾರಕವೆಂಬುದರಲ್ಲಿ ಸಂದೇಹವಿಲ್ಲ.