ವೆನಿಲ್ಲಾ ಹಾಕಿಲ್ಲ, ಕೊಬ್ಬರಿಯೂ ಇಲ್ಲ!

ಒಂದು ಪಂದ್ಯ ಕಟ್ಟೋಣ. ನಿಮ್ಮ ಮುಂದೊಂದು ಪುಟ್ಟ ಗ್ಲಾಸು. ಒಳಗೆ ಗಾಢ ಕಂದುಗೆಂಪು ಬಿಯರ್. ನೊರೆ ಅಷ್ಟಿಲ್ಲ. ಕಣ್ಣು ಮುಚ್ಚಿ ಮೂಸಿ. ಏನು ಸಿಕ್ಕಿತು?

ವೆನಿಲ್ಲಾ! ಇನ್ನೊಮ್ಮೆ ಮೂಸಿ. ಹುರಿದ ಕೊಬ್ಬರಿ! ಮತ್ತೂ ಒಮ್ಮೆ. ಉತ್ತುತ್ತೆ, ಒಣದ್ರಾಕ್ಷಿ, ಪಾಕಕ್ಕೆ ಬಂದ ಬೆಲ್ಲ!

ಈಗ ಹೇಳಿ, ಇದಕ್ಕೆ ವೆನಿಲ್ಲಾ ಎಷ್ಟು ಹಾಕಿದ್ದಾರೆ? ಕೊಬ್ಬರಿ ಎಷ್ಟು?

ಒಂದು ಚಿಟಿಕೆಯೂ ಇಲ್ಲ!

ಹಾಗಾದರೆ ಎಲ್ಲಿಂದ ಬಂತು? ಊಹಿಸಿ. ಹಣ್ಣಲ್ಲ, ಬೀಜವಲ್ಲ, ಎಸೆನ್ಸಂತೂ ಅಲ್ಲವೇ ಅಲ್ಲ.

ಮರ! ಬರೀ ಮರ! ಅದೂ ಸುಟ್ಟ ಮರ!

ಬಿಯರಿನ ಹೆಸರು ಕರ್ಮಜನ್ಸ್ ಬೆಟರ್ ಹಾಫ್. ಅಮೆರಿಕದ ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಎಂಬ ಊರಿನ ಫೌಂಡರ್ಸ್ ಬ್ರೂವರಿಯದು. ಕಾಕಂಬಿ ಸೇರಿಸಿ ಮಾಡಿದ ಓಲ್ಡ್ ಏಲ್ ಇದು. ಬೆಲ್ಲದ ಛಾಯೆ ಅದರದ್ದು. ಆದರೆ ವೆನಿಲ್ಲಾ, ಕೊಬ್ಬರಿ? ಅವು ಬರ್ಬನ್ ಎಂಬ ಅಮೆರಿಕದ ವಿಸ್ಕಿ ತುಂಬಿಟ್ಟಿದ್ದ ಪೀಪಾಯಿಯ ಕೊಡುಗೆ.

ಆ ಪೀಪಾಯಿ ತಯಾರಾಗುವುದನ್ನು ಕೇಳಿ. ಬಿಳಿ ಓಕ್ ಹಲಗೆಗಳನ್ನು ಜೋಡಿಸಿ, ಒಳಗೋಡೆಗೆ ನೇರ ಬೆಂಕಿ ಹಚ್ಚುತ್ತಾರೆ! ಮೊಸಳೆಯ ಚರ್ಮದ ಹಾಗೆ ಮರ ಬಿರಿಯುವವರೆಗೂ ಸುಡುವುದುಂಟು. ಅದಕ್ಕೆ ಎಷ್ಟು ಹೊತ್ತು ಬೇಕು? ಗಂಟೆಯೇ? ಅಲ್ಲ. ಒಂದು ನಿಮಿಷವೂ ಬೇಡ!

ಕಾವಿಗೆ ಮರದ ಲಿಗ್ನಿನ್ ಒಡೆಯುತ್ತದೆ. ಹುಟ್ಟುವುದು ವೆನಿಲಿನ್. ವೆನಿಲ್ಲಾ ಕೋಡಿನಲ್ಲಿರುವ ಅದೇ ವಸ್ತು! ಕೊಬ್ಬರಿಯ ಘಮಕ್ಕೆ ಓಕ್‌ನಲ್ಲೇ ಇರುವ ಲ್ಯಾಕ್ಟೋನ್ ಕಾರಣ. ತೆಂಗಿನ ಮರವನ್ನೇ ಕಾಣದ ನಾಡಿನ ಮರದಲ್ಲಿ ನಮ್ಮ ಕೊಬ್ಬರಿ ಪರಿಮಳ! ಇದಕ್ಕಿಂತ ಸೋಜಿಗ ಬೇಕೆ?

ಇನ್ನೊಂದು ಕೇಳಿ. ಸುಮಾರು 200 ಲೀಟರ್ ಹಿಡಿಯುವ ಈ ಪೀಪಾಯಿಯನ್ನು ಬರ್ಬನ್‌ಗೆ ಎಷ್ಟು ಸಲ ಬಳಸುತ್ತಾರೆ? ಒಂದೇ ಸಲ! ಬರ್ಬನ್ ಎನಿಸಿಕೊಳ್ಳಲು ಒಳಮೈ ಸುಟ್ಟ ಹೊಚ್ಚ ಹೊಸ ಓಕ್ ಪಾತ್ರೆಯೇ ಬೇಕೆಂದು ಅಮೆರಿಕದ ಕಾನೂನೇ ಹೇಳುತ್ತದೆ. ಹೀಗಾಗಿ ಬರ್ಬನ್ ಕುಡಿದು ತೊಯ್ದ ಪೀಪಾಯಿಗಳು ಹೊರಬೀಳುತ್ತಲೇ ಇರುತ್ತವೆ.

ನಮ್ಮ ಪೀಪಾಯಿ ನೇರ ಬಿಯರಿಗೆ ಬಂತೆ? ಇಲ್ಲ! ನಡುವೆ ಅದರೊಳಗೆ ಮೇಪಲ್ ಮರದ ಸಿಹಿಪಾಕ ತುಂಬಿಟ್ಟಿದ್ದರು. ಮೊದಲು ಬರ್ಬನ್, ಆಮೇಲೆ ಪಾಕ, ಕೊನೆಗೆ ಬಿಯರ್. ಒಂದೇ ಪೀಪಾಯಿಗೆ ಮೂರು ಜನ್ಮ!

ಫೌಂಡರ್ಸ್‌ನವರು ಪೀಪಾಯಿಗಳನ್ನು ಇಡುವ ಜಾಗವೂ ಅಂಥದ್ದೇ. ಊರಿನ ಕೆಳಗೆ, 85 ಅಡಿ ಆಳದಲ್ಲಿ, ಹಳೆಯ ಜಿಪ್ಸಮ್ ಗಣಿ! ಅಲ್ಲಿ ಬೇಸಿಗೆಯೂ ತಂಪು.

ಈಗ ಗುಟುಕು. ನಿಧಾನ! ಮೊದಲು ಸಿಹಿ ನಾಲಿಗೆಯ ತುಂಬ ಹರಡುತ್ತದೆ. ಆಮೇಲೆ ಎದೆಯಲ್ಲಿ ಹದವಾದ ಬಿಸಿ. ಸಿಹಿ ಇನ್ನೇನು ಅತಿಯಾಯಿತು ಅನ್ನುವಷ್ಟರಲ್ಲಿ ಓಕ್‌ನ ತೆಳ್ಳನೆಯ ಒಗರು ಬಂದು ಎಲ್ಲವನ್ನೂ ಹಿಡಿದು ನಿಲ್ಲಿಸುತ್ತದೆ. ಆ ಒಗರಿಗೇ ನಾನು ಸೋತದ್ದು! ಅಂದಹಾಗೆ, ಆಲ್ಕೊಹಾಲ್ ಶೇ. 12ರ ಆಸುಪಾಸು. ಮಾಮೂಲಿ ಲಾಗರ್‌ನ ಎರಡು ಪಟ್ಟಿಗೂ ಹೆಚ್ಚು!

ಓಲ್ಡ್ ಏಲ್‌ನ ತವರು ಇಂಗ್ಲೆಂಡ್. ಅಲ್ಲಿ ಇದು ಕೂಡಿಟ್ಟು ಹಣ್ಣಾಗಿಸುವ ಬಿಯರ್. ಡಾರ್ಚೆಸ್ಟರ್‌ನ ಎಲ್ಡ್ರಿಜ್ ಪೋಪ್ ಬ್ರೂವರಿ 1968ರಲ್ಲಿ ಇದೇ ಬಳಗದ ಥಾಮಸ್ ಹಾರ್ಡೀಸ್ ಏಲ್ ತಂದಿತು. ಅದನ್ನು ಎಷ್ಟು ಕಾಲ ಇಡಬಹುದು ಎಂದಿದ್ದರು ಗೊತ್ತೆ? ಆರು ತಿಂಗಳೇ? ಎರಡು ವರ್ಷವೇ? 25 ವರ್ಷ!

ಆ ಬರ್ಬನ್ ಪೀಪಾಯಿಗಳ ಬಂಧುಗಳು ನಮ್ಮ ಬೆಂಗಳೂರಿನಲ್ಲೂ ಇವೆ! 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾದ ಇಲ್ಲಿನ ಅಮೃತ್ ಸಿಂಗಲ್ ಮಾಲ್ಟ್ ವಿಸ್ಕಿ ಬರ್ಬನ್ ಇಳಿಸಿದ ಪೀಪಾಯಿಗಳಲ್ಲೂ ಹಣ್ಣಾಗುತ್ತದೆ.

ಇಂಥದ್ದೊಂದು ಬಾಟಲಿ ಎಲ್ಲಾದರೂ ಕೈಗೆ ಸಿಕ್ಕಿತೋ, ಒಬ್ಬರೇ ಮುಗಿಸಬೇಡಿ, ನಾಲ್ಕು ಜನ ಹಂಚಿಕೊಳ್ಳಿ. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಡಿ. ಕೊರೆಯುವಷ್ಟು ತಣ್ಣಗಿದ್ದರೆ ಆ ಕೊಬ್ಬರಿಯ ಘಮ ಮೇಲೇಳುವುದೇ ಇಲ್ಲ!